ಕಾಲು ಎಟಕುವ ಲೆಕ್ಕ: ಗಿಡ್ಡ ಸವಾರರು, ಎತ್ತರದ ಬೈಕುಗಳು

ಕುಂದಾಪುರದ ಕಡೆ ಯಾರಾದರೂ ಹೊಸ ಬೈಕು ತಂದರೆ ಅಕ್ಕಪಕ್ಕದವರ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು ‘ಎಷ್ಟು ಬಿತ್ತು’, ಆಮೇಲೆ ‘ಮೈಲೇಜ್ ಎಷ್ಟು’. ತಂದವನು ನನ್ನ ಹಾಗೆ ಐದಡಿ ಎರಡಿಂಚಿನವನಾದರೆ ಮೂರನೆಯದೂ ಒಂದು ಬರುತ್ತದೆ: “ಕಾಲ್ ನೆಲ್ಕ್ ಎಟ್ಕತ್ತಾ ಮರಾಯಾ?” ಕೇಳುವವರಿಗೆ ಅದು ತಮಾಷೆ. ಸವಾರನಿಗೆ ಮಾತ್ರ ಅದು ದಿನಕ್ಕೆ ಹತ್ತು ಸಲ, ಪ್ರತಿ ಬಸ್‌ಸ್ಟಾಪಿನಲ್ಲೂ ಪ್ರತಿ ತಿರುವಿನಲ್ಲೂ ಉತ್ತರ ಕೊಡಬೇಕಾದ ಪ್ರಶ್ನೆ.

ನಾನು ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟದ್ದು ಒಂದು ಆಷಾಢದ ಸಂಜೆ. ಎದುರಿನಿಂದ ಬಸ್ಸು ಬಂತೆಂದು ಗಾಡಿಯನ್ನು ಟಾರಿನ ಅಂಚಿಗೆ ತಂದು ನಿಲ್ಲಿಸಿ ಎಡಗಾಲು ಇಳಿಸಿದೆ. ಟಾರಿನ ಮಟ್ಟದಲ್ಲಿ ನೆಲವಿದ್ದಿದ್ದರೆ ಬೆರಳ ತುದಿ ತಾಗುತ್ತಿತ್ತು. ಆದರೆ ಆ ಮಳೆಗೆ ಅಂಚಿನ ಮಣ್ಣು ಕೊಚ್ಚಿಹೋಗಿ ನಾಲ್ಕು ಇಂಚು ಕೆಳಗಿಳಿದಿತ್ತು. ಕಾಲು ಗಾಳಿಯನ್ನು ತುಳಿಯಿತು. 195 ಕಿಲೋದ ಗಾಡಿ ಒಂದು ಸಲ ಓರೆಯಾದ ಮೇಲೆ ಅದನ್ನು ಹಿಡಿದು ನಿಲ್ಲಿಸುವ ತಾಕತ್ತು ನನ್ನಲ್ಲಿರಲಿಲ್ಲ. ಸೊನ್ನೆ ವೇಗದಲ್ಲಿ, ಬಸ್ಸಿನ ತುಂಬ ಜನ ನೋಡುತ್ತಿರುವಾಗ, ನಿಂತಲ್ಲೇ ಬಿದ್ದೆ. ಕ್ಲಚ್ ಲಿವರ್ ಮುರಿಯಿತು. ಮರ್ಯಾದೆ ಹೋದದ್ದು ಬೇರೆ ಲೆಕ್ಕ.

ಆ ಮೇಲೆ ಬ್ರಹ್ಮಾವರದಿಂದ ಬೈಂದೂರಿನ ತನಕ ನನ್ನ ಹಾಗಿನ ಗಿಡ್ಡ ಸವಾರರು ಸಿಕ್ಕಿದಲ್ಲೆಲ್ಲ ಕೇಳುತ್ತ ಬಂದೆ. ಸೀಟು ಕೊಯ್ಸಿದವರು, ಶಾಕಬ್ಸರ್ ಬದಲಿಸಿದವರು, ದಪ್ಪ ಅಟ್ಟೆಯ ಬೂಟು ಹಾಕಿದವರು, ಎಲ್ಲ ಬಿಟ್ಟು ಸ್ಕೂಟರ್ ಕೊಂಡವರು, ಹೀಗೆ ಒಬ್ಬೊಬ್ಬರದು ಒಂದೊಂದು ಮದ್ದು. ಯಾವುದು ಎಷ್ಟು ಕೊಡುತ್ತದೆ, ಬದಲಿಗೆ ಏನು ಕಸಿಯುತ್ತದೆ ಎಂಬ ಲೆಕ್ಕ ಮಾತ್ರ ಯಾರೂ ಒಟ್ಟಿಗೆ ಇಟ್ಟಂತಿಲ್ಲ. ಈ ಲೇಖನ ಆ ಲೆಕ್ಕ.

ಗಾಡಿ ಎತ್ತರವಾದದ್ದು ಯಾವಾಗ?

ನಮ್ಮ ಊರಿನ ಗಿಡ್ಡ ಮನುಷ್ಯರು ಬಹುಕಾಲ ಈ ಕಷ್ಟವನ್ನು ಕಂಡವರಲ್ಲ. 1972ರಲ್ಲಿ ಬಂದ ಲೂನಾ, 1980ರಲ್ಲಿ ಬಂದ ಟಿವಿಎಸ್ 50 ಹೆಚ್ಚುಕಡಿಮೆ ಸೈಕಲ್ಲಿನ ಬಂಧುಗಳು. ಎರಡೂ ಕಾಲು ಊರಿ ನಿಲ್ಲಬಹುದಿತ್ತು. 1994ರಲ್ಲಿ ಬಂದ ಸ್ಪ್ಲೆಂಡರ್ ಇವತ್ತಿಗೂ 785 ಮಿಲಿಮೀಟರ್ ಸೀಟಿನ, 112 ಕಿಲೋ ಆಸುಪಾಸಿನ ಗಾಡಿ. ಅದರ ಸೀಟು ಸಪೂರ, ಮೈ ಹಗುರ. ಹೀಗಾಗಿ ಐದಡಿಯ ಮೇಷ್ಟ್ರೂ ಹಿಂದೆ ಹೆಂಡತಿಯನ್ನು, ಮುಂದೆ ಮಗುವನ್ನು ಕೂರಿಸಿಕೊಂಡು ಮಂದಾರ್ತಿ ಜಾತ್ರೆಗೆ ಹೋಗಿಬಂದರು. 2001ರಲ್ಲಿ ಆಕ್ಟಿವಾ ಬಂದ ಮೇಲಂತೂ ಹೆಂಗಸರ ಸವಾರಿಯ ಚರಿತ್ರೆಯೇ ಬದಲಾಯಿತು.

ಸಂಗತಿ ತಿರುಗಿದ್ದು ‘ಅಡ್ವೆಂಚರ್’ ಬೈಕುಗಳ ಹುಚ್ಚು ಹತ್ತಿದ ಮೇಲೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ನ ಸೀಟು 800 ಮಿ.ಮೀ. ಇತ್ತು. 2023ರ ಕೊನೆಗೆ ಬಂದ 450 ಸಿಸಿಯ ಹೊಸ ಹಿಮಾಲಯನ್ ಕೆಳಮಟ್ಟದಲ್ಲಿ 825, ಮೇಲ್ಮಟ್ಟದಲ್ಲಿ 845. ಹೀರೋ ಎಕ್ಸ್‌ಪಲ್ಸ್ 200 4ವಿ 825. ಅದರ ‘ಪ್ರೋ’ ಆವೃತ್ತಿ 891. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್ 855 ಇತ್ತು. ಸಾಮಾನ್ಯ ಬೈಕುಗಳೂ ಹಿಂದೆ ಬಿದ್ದಿಲ್ಲ: ಕ್ಲಾಸಿಕ್ 350ರ ಸೀಟು 805 ಮಿ.ಮೀ., ತೂಕ 195 ಕಿಲೋ.

ಇನ್ನು ಮನುಷ್ಯರ ಅಳತೆ. 2016ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ ಭಾರತದ ಗಂಡಸಿನ ಸರಾಸರಿ ಎತ್ತರ ಸುಮಾರು 165 ಸೆಂಟಿಮೀಟರ್, ಹೆಂಗಸಿನದು ಸುಮಾರು 152.6. ಕಾಲಿನ ಒಳ ಅಳತೆ, ಅಂದರೆ ತೊಡೆಸಂದಿಯಿಂದ ನೆಲದವರೆಗಿನ ಉದ್ದ, ಒಟ್ಟು ಎತ್ತರದ ಶೇ. 45ರಿಂದ 47ರಷ್ಟು ಎಂದು ಹಿಡಿದರೆ ಸರಾಸರಿ ಗಂಡಸಿಗೆ 74–78 ಸೆಂ.ಮೀ., ಸರಾಸರಿ ಹೆಂಗಸಿಗೆ 69–72 ಸೆಂ.ಮೀ. ಸಿಗುತ್ತದೆ. 89 ಸೆಂ.ಮೀ. ಎತ್ತರದ ಸೀಟಿಗೂ 70 ಸೆಂ.ಮೀ. ಕಾಲಿಗೂ ನಡುವೆ ಒಂದು ಗೇಣಿಗೆ ಹತ್ತಿರದ ಅಂತರ. ಹೀಗಿರುವಾಗ ‘ನಾನು ಗಿಡ್ಡ’ ಎಂದು ನಾಚುವ ಸವಾರ ಬಹಳ ಸಲ ಸರಾಸರಿ ಮನುಷ್ಯನೇ. ಅಳತೆ ತಪ್ಪಿರುವುದು ಗಾಡಿಯದು.

ಅಂಕಿ ಹೇಳದ ಮಾತು

ಶೋರೂಮಿನ ಕಾಗದದಲ್ಲಿರುವ ಸೀಟಿನ ಎತ್ತರ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅದು ಸಾಮಾನ್ಯವಾಗಿ ಖಾಲಿ ಗಾಡಿಯ ಅಳತೆ. ನಾವು ಕೂತಾಗ ಶಾಕಬ್ಸರ್ ಒಂದಷ್ಟು ಕುಸಿಯುತ್ತದೆ, ಫೋಮ್ ಒಂದಷ್ಟು ಅದುಮುತ್ತದೆ. ಇದು ನಮ್ಮ ಲಾಭ. ನಷ್ಟ ಸೀಟಿನ ಅಗಲದಲ್ಲಿದೆ. ಕಾಲು ಸೀಟಿನ ಅಂಚನ್ನು ಬಳಸಿ ಓರೆಯಾಗಿ ಇಳಿಯಬೇಕಾದ್ದರಿಂದ ಅಗಲ ಹೆಚ್ಚಿದಷ್ಟೂ ಕಾಲಿನ ಉದ್ದ ದಾರಿಯಲ್ಲೇ ಖರ್ಚಾಗುತ್ತದೆ.

ನನ್ನದೇ ಅಂದಾಜು ಲೆಕ್ಕ ನೋಡಿ. ಕಾಲು 710 ಮಿ.ಮೀ., ಸೀಟು 805. ಕೊರತೆ 95. ಕೂತಾಗ ಶಾಕ್ ಮತ್ತು ಫೋಮ್ ಸೇರಿ 40ರಷ್ಟು ಇಳಿದರೆ, ಬೂಟಿನ ಅಟ್ಟೆ 25 ಕೊಟ್ಟರೆ, ಉಳಿದ ಕೊರತೆ 30. ಸೀಟಿನ ಅಗಲ ಇನ್ನೊಂದು 30 ತಿನ್ನುತ್ತದೆ. ಒಟ್ಟು 60 ಮಿ.ಮೀ.ಯನ್ನು ಹಿಮ್ಮಡಿ ಎತ್ತಿ ತುಂಬಿಸಬೇಕು. ಅದೇ ತುದಿಗಾಲ ನಿಲುವು. ಒಣ, ಸಪಾಟು ನೆಲದಲ್ಲಿ ಅದು ಸಾಕು. ನನ್ನ ಆಷಾಢದ ರಸ್ತೆಯಲ್ಲಿ ಸಾಕಾಗಲಿಲ್ಲ.

ಆಕ್ಟಿವಾದ ಸೀಟು 765 ಮಿ.ಮೀ. ಮಾತ್ರ, ಆದರೂ ಐದಡಿಯ ಹೆಂಗಸರು ಅದರಲ್ಲೂ ತುದಿಗಾಲಲ್ಲಿ ನಿಲ್ಲುವುದು ಯಾಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಸ್ಕೂಟರಿನ ಸೀಟು ಅಗಲ, ಕಾಲಿಡುವ ಹಲಗೆಯೂ ಅಗಲ. ಸ್ಪ್ಲೆಂಡರ್ 20 ಮಿ.ಮೀ. ಎತ್ತರವಿದ್ದರೂ ಸಪೂರವಾದ್ದರಿಂದ ಆ ವ್ಯತ್ಯಾಸ ಕಾಲಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂರನೆಯ ಸಂಗತಿ ತೂಕ. ನೂರು ಕಿಲೋದ ಗಾಡಿಯನ್ನು ಬೆರಳ ತುದಿಯಲ್ಲಿ ತಡೆಯಬಹುದು, ಇನ್ನೂರು ಕಿಲೋದ್ದನ್ನು ತಡೆಯಲಾಗದು. ಗಾಡಿ ನೋಡಲು ಹೋದಾಗ ಎತ್ತರ, ಅಗಲ, ತೂಕ ಮೂರನ್ನೂ ಒಟ್ಟಿಗೆ ತೂಗಬೇಕು. ಶೋರೂಮಿನ ನುಣುಪು ಟೈಲ್ಸ್ ಮೇಲೆ ಕೂತು ನೋಡಿದರೆ ಸಾಲದು; ಹೊರಗಿನ ಇಳಿಜಾರಿನಲ್ಲಿ, ದಿನಾ ಹಾಕುವ ಚಪ್ಪಲಿಯಲ್ಲೇ ಕೂತು ನೋಡಬೇಕು.

ನಮ್ಮ ರಸ್ತೆ ಕೇಳುವುದೇ ಬೇರೆ

ಬೆಂಗಳೂರಿನ ಗಿಡ್ಡ ಸವಾರನ ಕಷ್ಟ ಸಿಗ್ನಲ್ಲಿನದು. ನಮ್ಮದು ನೆಲದ್ದು. ಬ್ರಹ್ಮಾವರ, ಕೋಟ, ಕುಂದಾಪುರ, ತ್ರಾಸಿ, ಬೈಂದೂರು ಎಂದು ಹಾಯುವ ರಾಷ್ಟ್ರೀಯ ಹೆದ್ದಾರಿ 66 ನುಣುಪಾಗಿದ್ದರೂ ಅಲ್ಲಿಂದ ಇಳಿದ ಕೂಡಲೇ ಸಿಗುವ ಒಳರಸ್ತೆ ಇಕ್ಕಟ್ಟಿನ ಟಾರು ಪಟ್ಟಿ. ಎರಡೂ ಬದಿಗೆ ಕೆಂಪು ಮಣ್ಣು, ಅದರಾಚೆ ನೀರು ಹರಿಯುವ ತೋಡು. ವರ್ಷಕ್ಕೆ ನಾಲ್ಕು ಸಾವಿರ ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಟಾರಿನ ಅಂಚು ಪ್ರತಿ ವರ್ಷ ಇಳಿಯುತ್ತದೆ. ಎದುರಿಗೆ ವಾಹನ ಬಂದಾಗ ನಾವು ಕಾಲಿಡಬೇಕಾದ್ದು ಸರಿಯಾಗಿ ಆ ತಗ್ಗಿಗೇ.

ಇನ್ನು ಕಾಲುಸಂಕ. ಬೈಂದೂರಿನ ಒಳನಾಡಿನಲ್ಲಿ ಹಳ್ಳ ದಾಟಲು ಹಾಕಿದ ಸಪೂರ ಸ್ಲ್ಯಾಬುಗಳ ಮೇಲೆ ಬೈಕು ದಾಟಿಸುವವರಿದ್ದಾರೆ. ನಡುವೆ ಇಂಜಿನ್ ಆಫ್ ಆದರೆ ಕಾಲಿಡಲು ಬದಿಯೇ ಇಲ್ಲ. ಮನೆಯಂಗಳದಿಂದ ರಸ್ತೆಗೆ ಏರುವ ಕೆಂಪುಕಲ್ಲಿನ ಏರು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಮೇಲಕ್ಕೆ ಹೋದರೆ ಹೊಸಂಗಡಿಯಿಂದ ಬಾಳೆಬರೆ ಘಾಟಿ, ಬೈಂದೂರಿನಿಂದ ಕೊಲ್ಲೂರು ಘಾಟಿ. ತಿರುವಿನಲ್ಲಿ ಲಾರಿ ಕೆಟ್ಟು ನಿಂತರೆ ಏರಿನ ಮಧ್ಯದಲ್ಲಿ ಒಂದು ಕಾಲಲ್ಲಿ ನಿಂತಿರಬೇಕು.

ಈ ನೆಲ ಗಿಡ್ಡ ಸವಾರನಿಂದ ಎರಡು ವಿರುದ್ಧ ಸಂಗತಿಗಳನ್ನು ಕೇಳುತ್ತದೆ. ಕಾಲು ಎಟಕಬೇಕಾದರೆ ಗಾಡಿ ತಗ್ಗಬೇಕು. ಹೊಂಡ, ಹಂಪ್ಸು, ಕಲ್ಲು ದಾಟಬೇಕಾದರೆ ಗಾಡಿಯ ಹೊಟ್ಟೆ ಎತ್ತರದಲ್ಲೇ ಇರಬೇಕು. ಸೀಟನ್ನು ತಗ್ಗಿಸುವುದಕ್ಕೂ ಇಡೀ ಗಾಡಿಯನ್ನು ತಗ್ಗಿಸುವುದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಕರಾವಳಿಯವನು ಇದನ್ನು ಮರೆತರೆ ಕಾಲು ಉಳಿಸಲು ಹೋಗಿ ಇಂಜಿನ್ನಿನ ತಳ ಕಳೆದುಕೊಳ್ಳುತ್ತಾನೆ.

ಖರ್ಚಿಲ್ಲದ ಮದ್ದುಗಳು

ಮೊದಲನೆಯದು ಅಭ್ಯಾಸ. ಎರಡೂ ಕಾಲು ಊರಲೇಬೇಕೆಂಬ ಹಟ ಬಿಟ್ಟರೆ ಅರ್ಧ ಕಷ್ಟ ಹೋಯಿತು. ನಿಲ್ಲುವ ಹೊತ್ತಿಗೆ ಸೊಂಟವನ್ನು ಸೀಟಿನ ಎಡಕ್ಕೆ ಸರಿಸಿ, ಎಡ ಪಾದವನ್ನು ಪೂರ್ತಿ ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೇ ಉಳಿಸಿಕೊಂಡರೆ ಎರಡು ತುದಿಗಾಲಿಗಿಂತ ಗಟ್ಟಿಯಾದ ನಿಲುವು ಸಿಗುತ್ತದೆ. ಘಾಟಿಯ ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ತಡೆಯುವುದೂ ಇದೇ ಕಾಲು. ಎಡಬದಿ ತಗ್ಗಾಗಿದ್ದರೆ ಮುಂದಿನ ಬ್ರೇಕು ಹಿಡಿದು ಬಲಗಾಲು ಊರಬೇಕು. ಬ್ರೇಕು ಹಿಡಿಯುವ ಮುಂಚೆಯೇ ಕಾಲಿಡುವ ಜಾಗ ನೋಡಿಕೊಳ್ಳಬೇಕು. ಟಾರಿನ ಅಂಚಿನಿಂದ ಎರಡಡಿ ಒಳಗೇ ನಿಂತರೆ ಪಾದ ಟಾರಿನ ಮೇಲೆಯೇ ಬೀಳುತ್ತದೆ. ನಾನು ಬಿದ್ದ ದಿನ ಈ ಎರಡಡಿಯ ಬುದ್ಧಿ ಇರಲಿಲ್ಲ.

ಪಾರ್ಕಿಂಗಿಗೂ ಒಂದು ಕ್ರಮವಿದೆ. ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿದರೆ ತುದಿಗಾಲಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವುದು ಅಸಾಧ್ಯ. ಕೋಟೇಶ್ವರದ ಕೊಡಿಹಬ್ಬದಂಥ ಜನಜಂಗುಳಿಯಲ್ಲಿ ಹೀಗೆ ಸಿಕ್ಕಿಹಾಕಿಕೊಂಡವರನ್ನು ಕಂಡಿದ್ದೇನೆ. ಹಿಂದಿನಿಂದ ಒಳಗೆ ಹಾಕಿ, ಮೂತಿ ಹೊರಗಿರಲಿ.

ಎರಡನೆಯದು ಪಾದರಕ್ಷೆ. ನಮ್ಮಲ್ಲಿ ಹವಾಯಿ ಚಪ್ಪಲಿಯೇ ಸಾರ್ವತ್ರಿಕ. ಒದ್ದೆ ನೆಲದಲ್ಲಿ ಅದು ಜಾರುತ್ತದೆ, ಎತ್ತರವನ್ನೂ ಕೊಡುವುದಿಲ್ಲ. ಗಟ್ಟಿ ಅಟ್ಟೆಯ ಬೂಟು 20–25 ಮಿ.ಮೀ. ಕೊಡುತ್ತದೆ, ಜಾರದ ಹಿಡಿತವನ್ನೂ ಕೊಡುತ್ತದೆ. ಆದರೆ ಅಟ್ಟೆ ತೀರ ದಪ್ಪವಾದರೆ ಗೇರಿನ ಪೆಡಲ್ ಕೆಳಗೆ ಪಾದ ತೂರುವುದಿಲ್ಲ. ಬೂಟಿಗೆ ತಕ್ಕಂತೆ ಪೆಡಲನ್ನೂ ಸರಿಮಾಡಿಸಬೇಕು.

ಮೂರನೆಯದು ಗಾಡಿಯಲ್ಲೇ ಇದ್ದೂ ಯಾರೂ ಮುಟ್ಟದ ಸೌಲಭ್ಯ: ಹಿಂದಿನ ಶಾಕಬ್ಸರಿನ ಪ್ರಿಲೋಡ್. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿರುವ ಒಂದು ಬಳೆ ಇರುತ್ತದೆ. ಸ್ಪ್ಲೆಂಡರಿನಲ್ಲಿ ಐದು ಮೆಟ್ಟಿಲು, ಕ್ಲಾಸಿಕ್ 350ರಲ್ಲಿ ಆರು, ಎಕ್ಸ್‌ಪಲ್ಸ್‌ನ ಮೊನೋಶಾಕಿನಲ್ಲಿ ಹತ್ತು. ಸಿ-ಸ್ಪ್ಯಾನರಿನಿಂದ ತಿರುಗಿಸಿದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿಡಬೇಕೆಂಬುದು ಬದಲಾಗುತ್ತದೆ. ಇದರಿಂದ ಸ್ಪ್ರಿಂಗು ಗಟ್ಟಿಯೋ ಮೆತ್ತಗೋ ಆಗುತ್ತದೆಂಬುದು ಗ್ಯಾರೇಜುಗಳಲ್ಲೂ ಇರುವ ತಪ್ಪು ತಿಳಿವಳಿಕೆ. ಸ್ಪ್ರಿಂಗಿನ ಗಡಸು ಇದ್ದ ಹಾಗೇ ಇರುತ್ತದೆ. ಬದಲಾಗುವುದು ನಾವು ಕೂತಾಗ ಗಾಡಿ ನಿಲ್ಲುವ ಮಟ್ಟ.

ಗಿಡ್ಡ ಸವಾರ ಸಾಮಾನ್ಯವಾಗಿ ಹಗುರ ಸವಾರನೂ ಹೌದು. ಕೂತಾಗ ಶಾಕಬ್ಸರ್ ತನ್ನ ಒಟ್ಟು ಓಟದ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಕುಸಿಯಬೇಕು ಎಂಬುದು ರೂಢಿಯ ನಿಯಮ. 200 ಮಿ.ಮೀ. ಓಟವಿರುವ ಹೊಸ ಹಿಮಾಲಯನ್‌ನಲ್ಲಿ ಅದು 50ರಿಂದ 65 ಮಿ.ಮೀ. ಐವತ್ತು ಕಿಲೋದ ಹುಡುಗಿ ಕೂತರೆ ಅಷ್ಟು ಕುಸಿಯುವುದಿಲ್ಲ. ಅವಳಿಗೆ ಗಾಡಿ ಇತರರಿಗಿಂತ ಎತ್ತರದಲ್ಲೇ ಉಳಿಯುತ್ತದೆ. ಬಳೆಯನ್ನು ಕೆಳಗಿನ ಮೆಟ್ಟಿಲಿಗೆ ತಂದರೆ ಕೆಲವು ಮಿ.ಮೀ.ಯಿಂದ ಹತ್ತಿಪ್ಪತ್ತರವರೆಗೆ ಸಿಗಬಹುದು, ಹೊಂಡದಲ್ಲಿ ಕುಲುಕಾಟವೂ ತಗ್ಗುತ್ತದೆ. ಹಿಂದೆ ಇನ್ನೊಬ್ಬರು ಕೂರುವಾಗ, ಗ್ಯಾಸ್ ಸಿಲಿಂಡರೋ ಮೀನಿನ ಐಸ್ ಬಾಕ್ಸೋ ಹೇರುವಾಗ ಮಾತ್ರ ಮತ್ತೆ ಮೇಲೇರಿಸಬೇಕು. ಕಡಲ ಉಪ್ಪುಗಾಳಿಗೆ ಈ ಬಳೆ ತುಕ್ಕು ಹಿಡಿದು ಅಂಟಿಕೊಳ್ಳುವುದು ಗಂಗೊಳ್ಳಿ, ಮರವಂತೆಯಂಥ ಊರುಗಳಲ್ಲಿ ಸಾಮಾನ್ಯ. ಮೊದಲು ಎಣ್ಣೆ ಬಿಟ್ಟು ನೆನೆಯಲು ಬಿಡಿ, ಸುತ್ತಿಗೆ ಹಾಕಬೇಡಿ.

ಸೀಟು: ಮೊದಲ ಖರ್ಚು ಇಲ್ಲಿಗೇ

ದುಡ್ಡು ಹಾಕುವುದೆಂದಾದರೆ ಮೊದಲು ಹೋಗಬೇಕಾದ ಜಾಗ ಕುಶನ್ ಅಂಗಡಿ. ಸೀಟಿನ ರೆಕ್ಸಿನ್ ಬಿಚ್ಚಿ, ಫೋಮನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಉಜ್ಜಿ ನುಣುಪಾಗಿಸಿ, ಮತ್ತೆ ರೆಕ್ಸಿನ್ ಎಳೆದು ಪಿನ್ ಹೊಡೆಯುವ ಕೆಲಸ ಅರ್ಧ ದಿನದ್ದು. ಗಾಡಿಯ ಹೊಟ್ಟೆಯ ಎತ್ತರ, ಸ್ಟ್ಯಾಂಡು, ತಿರುಗುವ ಗುಣ ಯಾವುದೂ ಇದರಿಂದ ಬದಲಾಗುವುದಿಲ್ಲ. ಮೂಲ ಸೀಟನ್ನು ಅಟ್ಟದಲ್ಲಿಟ್ಟು ಇನ್ನೊಂದು ಸೀಟು ಕೊಂಡು ಅದನ್ನೇ ಕೊಯ್ಸಿದರೆ ಮಾರುವಾಗ ಮೊದಲಿನ ಹಾಗೇ ಕೊಡಬಹುದು.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಎತ್ತರವನ್ನು ಮಾತ್ರ ಕೊಯ್ಸುವುದು. ನನ್ನದೂ ಮೊದಲ ಸಲ ಹಾಗೇ ಆಯಿತು. ಒಂದೂವರೆ ಇಂಚು ತೆಗೆದ ಸೀಟು ಅರ್ಧ ಗಂಟೆಯ ಸವಾರಿಗೆ ಹಲಗೆಯಾಯಿತು. ಮೇಲಿಂದ ಇಳಿಜಾರಾದ್ದರಿಂದ ಬ್ರೇಕು ಹಿಡಿದಾಗಲೆಲ್ಲ ಟ್ಯಾಂಕಿಗೆ ಜಾರುತ್ತಿದ್ದೆ. ಎರಡನೆಯ ಸಲ ಬೇರೆ ಅಂಗಡಿಯವರು ಸರಿಯಾದ ಮಾತು ಹೇಳಿದರು: “ಎತ್ತರ ಬೇಡ, ಹೆಗಲು ತೆಗೆಯುವಾ.” ಸೀಟಿನ ಮುಂಭಾಗದಲ್ಲಿ, ತೊಡೆ ಇಳಿಯುವಲ್ಲಿ, ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪ ಕೆತ್ತಿ ಅಂಚನ್ನು ದುಂಡಗೆ ಮಾಡಿದರು. ಎತ್ತರದಲ್ಲಿ ತೆಗೆದದ್ದು ಅರ್ಧ ಇಂಚು ಮಾತ್ರ, ಆದರೆ ಪಾದದ ಮುಂಭಾಗ ಪೂರ್ತಿ ನೆಲ ಮುಟ್ಟಿತು. ಕೂರುವ ಜಾಗ ಹಿಂದೆ ಅಗಲವಾಗಿಯೇ ಉಳಿದದ್ದರಿಂದ ಸೊಂಟಕ್ಕೂ ನೋವಿಲ್ಲ.

ಕೊಯ್ಸುವವರು ಮೂರು ಮಾತು ನೆನಪಿಡಬೇಕು. ಕೂರುವ ಜಾಗದಲ್ಲಿ ಎರಡು ಇಂಚು ಫೋಮಾದರೂ ಉಳಿಯಲಿ. ಕಡಿಮೆಯಾದರೆ ಅಡಿಯ ಪ್ಲಾಸ್ಟಿಕ್ ತಾಗುತ್ತದೆ. ತೆಗೆದ ಜಾಗಕ್ಕೆ ಗಟ್ಟಿ ಸಾಂದ್ರತೆಯ ಫೋಮಿನ ತೆಳು ಪದರ ಕೂರಿಸಿದರೆ ಬಾಳಿಕೆ ಬರುತ್ತದೆ. ಮೂರನೆಯದು ನಮ್ಮ ಊರಿಗೇ ವಿಶೇಷ: ಹೊಲಿಗೆ. ಹೊಸ ರೆಕ್ಸಿನ್‌ನ ಹೊಲಿಗೆ ಕೂರುವ ತಗ್ಗಿನಲ್ಲೇ ಬಂದರೆ ಜೂನ್‌ನಲ್ಲಿ ಕುಡಿದ ನೀರನ್ನು ಸೆಪ್ಟೆಂಬರ್ ತನಕ ಪ್ಯಾಂಟಿಗೆ ಬಿಡುತ್ತಿರುತ್ತದೆ. ಹೊಲಿಗೆ ಬದಿಗೆ ಬರಲಿ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಇರಲಿ. ಸ್ಕೂಟರ್ ಸೀಟಿನಲ್ಲಿ ಮಾತ್ರ ಕೊಯ್ಯಲು ಹೆಚ್ಚು ಅವಕಾಶವಿಲ್ಲ. ಅಡಿಯಲ್ಲಿ ಸಾಮಾನು ಪೆಟ್ಟಿಗೆ ಇರುವುದರಿಂದ ಫೋಮು ಮೊದಲೇ ತೆಳು. ಅಲ್ಲಿ ಹೆಗಲು ಕೆತ್ತುವುದೊಂದೇ ದಾರಿ.

ಗಿಡ್ಡತನ ಕಾಲಿಗೆ ಮಾತ್ರ ಸೀಮಿತವೂ ಅಲ್ಲ. ಕೈ ಗಿಡ್ಡ, ಬೆರಳು ಗಿಡ್ಡ. ಹ್ಯಾಂಡಲನ್ನು ಕ್ಲ್ಯಾಂಪಿನಲ್ಲೇ ಸ್ವಲ್ಪ ತನ್ನ ಕಡೆಗೆ ತಿರುಗಿಸಿಕೊಳ್ಳುವುದು, ಹೊಂದಿಸಬಲ್ಲ ಲಿವರ್ ಹಾಕಿಸಿ ಕ್ಲಚ್, ಬ್ರೇಕನ್ನು ಬೆರಳಿಗೆ ಹತ್ತಿರ ತರುವುದು ಸಣ್ಣ ಕೆಲಸಗಳು. ಕ್ಲಚ್ ಬೆರಳಿಗೆ ಸರಿಯಾಗಿ ಸಿಕ್ಕಿದರೆ ಇಂಜಿನ್ ಆಫ್ ಆಗುವುದು ತಪ್ಪುತ್ತದೆ. ಇಂಜಿನ್ ಆಫ್ ಆಗದಿದ್ದರೆ ಅವಸರದಲ್ಲಿ ಕಾಲಿಡುವ ಪ್ರಸಂಗವೂ ಬಾರದು.

ಶಾಕು, ಲಿಂಕು, ಫೋರ್ಕು: ಪಡೆದದ್ದೆಷ್ಟು, ಕೊಟ್ಟದ್ದೆಷ್ಟು

ಇಷ್ಟರಲ್ಲೂ ಸಾಲದವರು ಇಡೀ ಗಾಡಿಯನ್ನೇ ತಗ್ಗಿಸಲು ಹೊರಡುತ್ತಾರೆ. ಹಿಮಾಲಯನ್‌ನಂಥ ಲಿಂಕೇಜ್ ಇರುವ ಮೊನೋಶಾಕ್ ಗಾಡಿಗೆ ಉದ್ದದ ಲಿಂಕ್ ಪ್ಲೇಟು ಹಾಕಿದರೆ ಹಿಂಭಾಗ ತಗ್ಗುತ್ತದೆ. ಕೆಟಿಎಂ 390 ಅಡ್ವೆಂಚರಿನಂತೆ ಶಾಕನ್ನು ನೇರ ಸ್ವಿಂಗ್ ಆರ್ಮಿಗೆ ಕೂರಿಸಿದ ಗಾಡಿಗೆ ಲಿಂಕೇ ಇಲ್ಲ; ಅಲ್ಲಿ ಶಾಕನ್ನೇ ಗಿಡ್ಡ ಮಾಡಿಸಬೇಕು. ಎರಡು ಶಾಕಿನ ಹಳೆ ಮಾದರಿಗೆ ಗಿಡ್ಡ ಶಾಕಬ್ಸರ್ ಜೋಡಿ ಹುಡುಕುತ್ತಾರೆ.

ಇಲ್ಲಿ ಒಂದು ಲೆಕ್ಕವನ್ನು ಮೆಕ್ಯಾನಿಕ್‌ಗಳು ಅಪರೂಪಕ್ಕೆ ಹೇಳುತ್ತಾರೆ. ಸವಾರ ಹಿಂದಿನ ಚಕ್ರದ ನೆತ್ತಿಯ ಮೇಲೆ ಕೂತಿರುವುದಿಲ್ಲ, ಎರಡು ಚಕ್ರಗಳ ನಡುವೆ ಸ್ವಲ್ಪ ಹಿಂದಕ್ಕೆ ಕೂತಿರುತ್ತಾನೆ. ಹಿಂಭಾಗವನ್ನು ಒಂದು ಇಂಚು ತಗ್ಗಿಸಿದರೆ ಸೀಟಿನಲ್ಲಿ ಸಿಗುವುದು ಅದರ ಮೂರನೆಯ ಎರಡು ಭಾಗ ಮಾತ್ರ, ಸುಮಾರು 16–17 ಮಿ.ಮೀ. ಅಂದರೆ ಒಳ್ಳೆಯ ಬೂಟು ಕೊಡುವುದಕ್ಕಿಂತ ಕಡಿಮೆ.

ಕೊಡುವುದೇನು? 1400 ಮಿ.ಮೀ. ಆಸುಪಾಸಿನ ವೀಲ್‌ಬೇಸ್‌ನಲ್ಲಿ ಹಿಂಭಾಗ 25 ಮಿ.ಮೀ. ಇಳಿದರೆ ಗಾಡಿ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮುಂದಿನ ಫೋರ್ಕು ಇನ್ನಷ್ಟು ಓರೆಯಾಗಿ ಗಾಡಿ ತಿರುವಿಗೆ ಸೋಮಾರಿಯಾಗುತ್ತದೆ. ಘಾಟಿಯ ಹಿಮ್ಮುರಿಯಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಒಂದು ಡಿಗ್ರಿ ಮೇಲೆದ್ದ ಹೆಡ್‌ಲೈಟು ಐವತ್ತು ಮೀಟರ್ ದೂರದಲ್ಲಿ ಸುಮಾರು 87 ಸೆಂ.ಮೀ. ಮೇಲಕ್ಕೆ ಬೀಳುತ್ತದೆ, ಎದುರಿನವನ ಕಣ್ಣಿಗೆ. ಲೈಟಿನ ಸ್ಕ್ರೂ ತಿರುಗಿಸಿ ಸರಿಮಾಡದೆ ರಾತ್ರಿ ಮರವಂತೆಯ ನೇರ ದಾರಿಯಲ್ಲಿ ಹೋದರೆ ಎದುರಿನವರ ಬೈಗುಳ ಗ್ಯಾರಂಟಿ.

ಸಮತೋಲ ಉಳಿಯಬೇಕಾದರೆ ಮುಂಭಾಗವನ್ನೂ ತಗ್ಗಿಸಬೇಕು. ಕ್ಲ್ಯಾಂಪು ಸಡಿಲಿಸಿ ಫೋರ್ಕಿನ ಕೊಳವೆಗಳನ್ನು 10–15 ಮಿ.ಮೀ. ಮೇಲಕ್ಕೆ ಸರಿಸುವುದು ಇದರ ಕ್ರಮ. ಎರಡೂ ಕೊಳವೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಬಾರದು, ಬೋಲ್ಟು ಕಂಪನಿ ಹೇಳಿದ ಬಿಗಿಯಲ್ಲೇ ಇರಬೇಕು, ಫೋರ್ಕು ಪೂರ್ತಿ ಅದುಮಿದಾಗ ಮಡ್‌ಗಾರ್ಡು ಕೆಳಗಿನ ಕ್ಲ್ಯಾಂಪಿಗೆ ಬಡಿಯಬಾರದು. ಮುಂಭಾಗ ಮಾತ್ರ ತಗ್ಗಿಸಿ ಹಿಂಭಾಗ ಬಿಟ್ಟರೆ ಹ್ಯಾಂಡಲು ಅತಿ ಚುರುಕಾಗಿ, ವೇಗದಲ್ಲಿ ಅಲುಗಾಡಬಹುದು.

ಬಾಲಂಗೋಚಿಗಳು ಇನ್ನೂ ಇವೆ. ಗಾಡಿ ತಗ್ಗಿದಷ್ಟೂ ಸೈಡ್ ಸ್ಟ್ಯಾಂಡು ಉದ್ದವಾದಂತೆ. ಗಾಡಿ ನೆಟ್ಟಗೆ ನಿಂತು, ಕಡಲಗಾಳಿ ಒಂದು ಸಲ ಬೀಸಿದರೆ ಬಲಕ್ಕೆ ಮಗುಚುತ್ತದೆ. ಅದನ್ನು ಕೊಯ್ಸಿ ಮತ್ತೆ ವೆಲ್ಡ್ ಮಾಡಿಸಬೇಕು. ಮಾಡಿಸುವಾಗ ಅಡಿಗೆ ಅಗಲದ ಪಟ್ಟಿ ಇಡಿಸಿದರೆ ಮಳೆಗಾಲದ ಕೆಸರಿನಲ್ಲಿ ಹೂತುಹೋಗುವುದಿಲ್ಲ. ಡಬಲ್ ಸ್ಟ್ಯಾಂಡು ಹಾಕುವುದು ಮೊದಲಿಗಿಂತ ಕಷ್ಟವಾಗುತ್ತದೆ. ಚೈನಿನ ಸಡಿಲ ಮತ್ತೊಮ್ಮೆ ನೋಡಬೇಕು. ಇಬ್ಬರು ಕೂತು ದೊಡ್ಡ ಹೊಂಡಕ್ಕೆ ಇಳಿದರೆ ಹಿಂದಿನ ಟಯರು ಮಡ್‌ಗಾರ್ಡಿಗೆ ಉಜ್ಜಬಹುದು. ಎಲ್ಲಕ್ಕಿಂತ ದೊಡ್ಡದು ಹೊಟ್ಟೆಯ ಎತ್ತರ. 170 ಮಿ.ಮೀ.ಯ ಕ್ಲಾಸಿಕ್ ಒಂದು ಇಂಚು ಇಳಿದರೆ ಉಳಿಯುವುದು 145. ನಮ್ಮ ಗ್ರಾಮಪಂಚಾಯಿತಿ ರಸ್ತೆಗಳ ಹಂಪ್ಸುಗಳನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ.

ಒಂದು ಕೆಲಸವನ್ನಂತೂ ಮಾಡಲೇಬಾರದು: ಸ್ಪ್ರಿಂಗಿನ ಸುರುಳಿ ಕತ್ತರಿಸುವುದು. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ, ಕತ್ತರಿಸಿದ ತುದಿ ತನ್ನ ಆಸನದಲ್ಲಿ ಸರಿಯಾಗಿ ಕೂರುವುದಿಲ್ಲ. ನೂರು ರೂಪಾಯಿಯ ಈ ಉಪಾಯ ಗಾಡಿಯನ್ನು ತಗ್ಗಿಸುವ ಮೊದಲು ಸವಾರನನ್ನು ಕೆಡವುತ್ತದೆ.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸುತ್ತದೆ.

ಸೀಟಿನ ಎತ್ತರ ಆರ್‌ಸಿಯಲ್ಲಿ ನಮೂದಾಗುವ ವಿವರವಲ್ಲ. ಫೋಮು ಕೊಯ್ಸುವುದು, ಪ್ರಿಲೋಡ್ ತಿರುಗಿಸುವುದು, ಕಂಪನಿಯದೇ ತಗ್ಗು ಸೀಟು ಹಾಕುವುದು ಈ ಗೆರೆಯಿಂದ ದೂರವೇ ಇವೆ. ಲೇತ್‌ನಲ್ಲಿ ಮಾಡಿಸಿದ ಲಿಂಕು, ಇನ್ನೊಂದು ಗಾಡಿಯ ಶಾಕು, ಸಣ್ಣ ರಿಮ್ಮು ಗೆರೆಯ ಹತ್ತಿರದವು. ಅಪಘಾತವಾದರೆ ವಿಮೆಯವರು, ವಾರಂಟಿ ಕೇಳಿದರೆ ಕಂಪನಿಯವರು ಮೊದಲು ಬೆರಳು ತೋರಿಸುವುದು ಅಲ್ಲಿಗೇ.

ತಯಾರಕರಿಗೂ ಒಂದು ಮಾತು

ಈ ಕೊರತೆ ತುಂಬಲಾಗದ್ದೇನಲ್ಲ. ಜಪಾನಿನ ಬೈಕ್ ಪತ್ರಿಕೆಗಳಲ್ಲಿ ‘ಆಶಿತ್ಸುಕಿ’, ಅಂದರೆ ಕಾಲು ನೆಲಕ್ಕೆ ಎಟಕುವ ಬಗೆ, ಪ್ರತಿ ಗಾಡಿಯ ವಿಮರ್ಶೆಯಲ್ಲೂ ಬರುತ್ತದೆ. ಸವಾರನ ಎತ್ತರ ಹೇಳಿ, ಪಾದದ ಚಿತ್ರವನ್ನೇ ಹಾಕುತ್ತಾರೆ. ಹೋಂಡಾ 2021ರ ಸಿಆರ್‌ಎಫ್250ಎಲ್ ಗಾಡಿಯನ್ನು ಅಲ್ಲಿ 830 ಮತ್ತು 880 ಮಿ.ಮೀ.ಯ ಎರಡು ಬಗೆಯಲ್ಲಿ ಬಿಟ್ಟಾಗ ತಗ್ಗಿನದ್ದೇ ಸಾಮಾನ್ಯ ಮಾದರಿ, ಎತ್ತರದ್ದು ವಿಶೇಷ. ಗಿಡ್ಡವನು ಹೊಂದಿಕೊಳ್ಳಲಿ ಎನ್ನದೆ ಉದ್ದದವನು ಕೇಳಿ ಪಡೆಯಲಿ ಎನ್ನುವ ಆ ಕ್ರಮ ನಮ್ಮಲ್ಲೂ ನಿಧಾನಕ್ಕೆ ಕಾಣುತ್ತಿದೆ. ಹೊಸ ಹಿಮಾಲಯನ್‌ಗೆ 805 ಮಿ.ಮೀ.ಗೆ ಇಳಿಯುವ ಸೀಟು ಕಂಪನಿಯಿಂದಲೇ ಸಿಗುತ್ತದೆ. ಕೆಟಿಎಂ 2023ರಲ್ಲಿ 390 ಅಡ್ವೆಂಚರಿನ 830 ಮಿ.ಮೀ.ಯ ಆವೃತ್ತಿ ತಂದಿತು. ಅದೇ ವರ್ಷದ 390 ಡ್ಯೂಕ್ ಸೀಟನ್ನು 800 ಮತ್ತು 820ರ ನಡುವೆ ಹೊಂದಿಸಬಹುದು. ಹಂಟರ್ 350 790ಕ್ಕೆ, ಮೀಟಿಯರ್ 765ಕ್ಕೆ ಇಳಿದಿವೆ.

ಆದರೂ ಸಣ್ಣ ಊರಿನ ಶೋರೂಮಿಗೆ ಹೋಗಿ ತಗ್ಗು ಸೀಟು ಕೇಳಿದರೆ ‘ಆರ್ಡರ್ ಹಾಕಬೇಕು’ ಎಂಬ ಉತ್ತರವೇ ಹೆಚ್ಚು. ತಗ್ಗು ಸೀಟಿನ ಒಂದು ಗಾಡಿಯನ್ನು ಟೆಸ್ಟ್ ರೈಡಿಗೆ ಇಟ್ಟರೆ ಎಷ್ಟೋ ಜನ, ಅದರಲ್ಲೂ ಹೆಂಗಸರು, ‘ನಮಗೆ ಬೈಕು ಆಗದು’ ಎಂಬ ತೀರ್ಮಾನವನ್ನು ಮರುಪರಿಶೀಲಿಸುತ್ತಾರೆ. ಹಳ್ಳಿಹಳ್ಳಿ ತಿರುಗುವ ಆಶಾ ಕಾರ್ಯಕರ್ತೆಗೆ, ಘಾಟಿ ಬುಡದ ಶಾಲೆಗೆ ಹೋಗುವ ಟೀಚರಿಗೆ ದೊಡ್ಡ ಚಕ್ರದ ಬೈಕು ಸ್ಕೂಟರಿಗಿಂತ ಆ ರಸ್ತೆಗೆ ಹೊಂದುವಂಥದ್ದು. ಅವರನ್ನು ತಡೆದಿರುವುದು ಒಂದೆರಡು ಇಂಚು ಫೋಮು.

ಕೊನೆಗೆ ನನ್ನ ತೀರ್ಪು ಇಷ್ಟು. ಮೊದಲು ನಿಲ್ಲುವ ಕ್ರಮ ಕಲಿಯಿರಿ, ಆಮೇಲೆ ಬೂಟು, ಆಮೇಲೆ ಪ್ರಿಲೋಡು, ಆಮೇಲೆ ಸೀಟಿನ ಹೆಗಲು. ಈ ನಾಲ್ಕರಲ್ಲಿ ಎರಡು ಇಂಚಿನಷ್ಟು ಕೊರತೆ ತುಂಬುತ್ತದೆ, ಗಾಡಿಗೂ ಊನವಾಗುವುದಿಲ್ಲ, ಬೇಡವೆಂದಾಗ ಹಿಂದಿನ ಹಾಗೇ ಮಾಡಿಕೊಳ್ಳಬಹುದು. ಲಿಂಕು, ಶಾಕು, ಫೋರ್ಕಿನ ತಂಟೆ ಕಟ್ಟಕಡೆಗೆ. ಅದೂ ಒಂದು ಇಂಚಿಗಿಂತ ಹೆಚ್ಚಲ್ಲ, ಹಿಂದೆ ಮುಂದೆ ಎರಡೂ ಕಡೆ, ಬಲ್ಲವರ ಕೈಯಲ್ಲಿ. ಇಷ್ಟಾದ ಮೇಲೂ ಎಟಕದಿದ್ದರೆ ಆ ಗಾಡಿ ನಮ್ಮದಲ್ಲ ಎಂದುಕೊಂಡು 112 ಕಿಲೋದ ಗಾಡಿಯತ್ತ ತಿರುಗುವುದರಲ್ಲಿ ಅವಮಾನವೇನಿಲ್ಲ. ನನ್ನ ಗಾಡಿ ಈಗ ಮೂರು ಮಳೆಗಾಲ ಕಳೆದಿದೆ. ಶಾಕು ಮೂಲದ್ದೇ, ಸೀಟು ಮಾತ್ರ ಕೊಯ್ಸಿದ್ದು. ಆ ಬಸ್ಸಿನ ಸಂಜೆಯ ನಂತರ ನಿಂತಲ್ಲಿ ಬಿದ್ದದ್ದಿಲ್ಲ.